ಅಜ್ಜಿ ಮದ್ದೂರಿಗೆ ಹೋಗಿ ಬಂದ ಮೂರು ಭಾನುವಾರ

ನಮ್ಮ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಅಚ್ಚಾಗಿ ಬಂದಿದೆ. ನನ್ನದೊಂದು ಮಾತ್ರ ಕಟ್ಟಕಡೆಯಲ್ಲಿ, ಯಶವಂತನ ಕೆಳಗೆ, ನೀಲಿ ಪೆನ್ನಿನಲ್ಲಿ ಬರೆದದ್ದು. ಅನುಷಾ ಅಂತ ಹೆಸರಿಟ್ಟುಕೊಂಡು ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಎಲ್ಲರಿಗಿಂತ ಮೊದಲು ‘ಎಸ್ ಮಿಸ್’ ಅಂದವಳು ನಾನು. ಕಾಲೇಜಿಗೆ ಬಂದು ಕೊನೆಯವಳಾದೆ. ಉಳಿದವರೆಲ್ಲ ಆಗಸ್ಟಿನಲ್ಲಿ ಸೇರಿದ್ದರು. ನಾನು ಸಂಕ್ರಾಂತಿ ಕಳೆದ ಮೇಲೆ, ಎರಡನೇ ಸೆಮಿಸ್ಟರಿಗೆ ಬಂದು ಕೂತೆ.

ಮೊದಲ ದಿನ ಮೂರನೇ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟವಳು ಪವಿತ್ರ. ತೆರಕಣಾಂಬಿ ಕಡೆಯವಳು, ಬಾಯಿಗೆ ಬಿಡುವಿಲ್ಲ. ನಾನು ಬ್ಯಾಗು ಇಡುವ ಮೊದಲೇ ಕೇಳಿದಳು, “ಇಷ್ಟ್ ಲೇಟಾಗ್ ಯಾಕ್ ಸೇರ್ಕಂಡೆ?”

“ಜಾಂಡೀಸ್ ಆಗಿತ್ತು” ಅಂದೆ.

ಆರು ತಿಂಗಳಿಂದ ಹೇಳಿ ಹೇಳಿ ಆ ಮಾತು ನಾಲಗೆಯ ತುದಿಯಲ್ಲೇ ಕೂತಿತ್ತು, ಯೋಚಿಸುವ ಮೊದಲೇ ಬಂದುಬಿಟ್ಟಿತು. ನನಗೆ ಆಗಿದ್ದದ್ದು ಜಾಂಡೀಸಲ್ಲ, ಟಿ.ಬಿ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಎಷ್ಟು ದಿನ ಬೇಕಾಯಿತು, ಅಷ್ಟರಲ್ಲಿ ಏನಾಗಿಹೋಯಿತು ಅನ್ನುವುದನ್ನು ಬರೆಯಬೇಕು ಅನ್ನಿಸಿ ಕೂತಿದ್ದೇನೆ.

ನಮ್ಮದು ಚಾಮರಾಜನಗರದ ಹತ್ತಿರ ಹರದನಹಳ್ಳಿ. ಅಪ್ಪ ಅರಿಶಿನ, ಬಾಳೆ ಬೆಳೆಯುತ್ತಾರೆ. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿ ಮಹದೇವಮ್ಮಜ್ಜಿ. ನಾನು ಹುಟ್ಟಿದಾಗಿನಿಂದ ಅಜ್ಜಿಯ ಪಕ್ಕದಲ್ಲೇ ಮಲಗಿದವಳು. ಪಿಯುಸಿ ಪಾಸಾದ ಮೇಲೆ ಬಿ.ಕಾಂ.ಗೆ ಅಡ್ಮಿಷನ್ ಮಾಡಿಸಿದ್ದಾಯಿತು, ಕಾಲೇಜಿಗೆ ಅಂತ ಮೂರು ಚೂಡಿದಾರ್ ಹೊಲಿಸಿದ್ದಾಯಿತು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತುವವಳು ನಾನೇ ಮೊದಲು. ಅಜ್ಜಿ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ, “ನಮ್ ಕೂಸು ಬಿಕಾಮು” ಅಂತ, ಅದೊಂದು ನೌಕರಿಯೇನೋ ಅನ್ನುವಂತೆ ಹೇಳಿಕೊಂಡು ತಿರುಗುತ್ತಿದ್ದಳು.

ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ನಮ್ಮೂರ ಟೈಲರಕ್ಕ. ಮೇ ತಿಂಗಳಲ್ಲಿ ಅಳತೆ ಕೊಟ್ಟು ಹೊಲಿಸಿದ ಚೂಡಿದಾರ್ ಜೂನ್‌ನಲ್ಲಿ ಸಡಿಲ. ಎರಡೂ ಪಕ್ಕ ಹಿಡಿದುಕೊಟ್ಟಳು. ಜುಲೈನಲ್ಲಿ ಮತ್ತೆ ಸಡಿಲ, ಮತ್ತೆ ಹಿಡಿದಳು. ಮೂರನೇ ಸಲ ತೆಗೆದುಕೊಂಡು ಹೋದಾಗ ಬಟ್ಟೆ ಕೈಗೆ ತೆಗೆದುಕೊಳ್ಳದೆ ಅವ್ವನ ಮುಖ ನೋಡಿ, “ನನ್ ತಾವ ಬ್ಯಾಡ ಕಣಕ್ಕ, ಡಾಕ್ಟ್ರ ತಾವ ಕರ್ಕಂಡೋಗು ಈ ಕೂಸ” ಅಂದಳು. ಸಂಜೆಯಾದರೆ ಬರುವ ಜ್ವರವನ್ನು ಬಿಸಿಲು ಅಂದುಕೊಂಡಿದ್ದೆವು. ಕೆಮ್ಮನ್ನು ಧೂಳು ಅಂದುಕೊಂಡಿದ್ದೆವು. ಟೈಲರಕ್ಕನ ಮಾತಿಗೆ ಮಾತ್ರ ಯಾವ ಹೆಸರೂ ಸಿಗಲಿಲ್ಲ.

ನಮ್ಮೂರವರು ಆಸ್ಪತ್ರೆಗೆ ಅಂತ ಹೋಗುವುದು ಚಾಮರಾಜನಗರಕ್ಕೆ. ಅಲ್ಲಿಗೆ ಹೋದರೆ ಚೀಟಿ ಮಾಡಿಸುವ ಸಾಲಿನಲ್ಲೇ ಊರವರು ನಾಲ್ಕು ಜನ ಸಿಗುತ್ತಾರೆ. ಅದಕ್ಕೇ ಅಪ್ಪ ನನ್ನನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋದರು. ಅಲ್ಲಿ ಅಪ್ಪನ ತಂಗಿ ಸುಶೀಲತ್ತೆಯ ಮನೆ. ಮಾವನಿಗೆ ಈರುಳ್ಳಿ ವ್ಯಾಪಾರ, ಒಂದು ಗೋಡೌನು. ಮಾವ ಜೊತೆಗೆ ಬಂದರು.

ಆ ಆಸ್ಪತ್ರೆಯ ಬೆಂಚು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಕ್ಕದಲ್ಲಿ ಚೆಂಡುಹೂ ಬಿಡಿಸಿ ಬೆರಳೆಲ್ಲ ಹಳದಿ ಮಾಡಿಕೊಂಡ ಹೆಂಗಸು, ಆಚೆ ಕಡೆ ಲುಂಗಿಯ ಲಾರಿ ಡ್ರೈವರು. ಎಲ್ಲರೂ ಒಬ್ಬರ ಕೆಮ್ಮನ್ನು ಒಬ್ಬರು ಕೇಳಿಸಿಕೊಳ್ಳುತ್ತ, ಕೇಳಿಸಿಲ್ಲದ ಹಾಗೆ ಕೂತಿದ್ದೆವು. ಕೈಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಹೊರಗೆ ಬಯಲಿಗೆ ಹೋಗಿ ಕಫ ತೆಗೆದು ತಾ ಅಂದರು. ಹೊಂಗೆ ಮರದ ಕೆಳಗೆ ನಿಂತು ನಾನು ಮೂರು ಸಲ ಬರೀ ಎಂಜಲು ಉಗಿದೆ. ನಾಚಿಕೆಯಿಂದ ಅಳು ಬಂತು. ಅಲ್ಲೇ ಇನ್ನೊಂದು ಡಬ್ಬಿ ಹಿಡಿದು ನಿಂತಿದ್ದ ಒಬ್ಬ ಮುದುಕರು, ಯಾರೋ ಏನೋ, “ಬಗ್ಗಿ ನಿಂತ್ಕೊ ಮಗ. ಹೊಟ್ಟೆ ಒಳಗಿಂದ ಕೆಮ್ಮು. ನಾ ಅತ್ಲಾಗ್ ತಿರೀಕ್ಕತೀನಿ” ಅಂತ ಹೇಳಿ ನಿಜಕ್ಕೂ ಬೆನ್ನು ತಿರುಗಿಸಿ ನಿಂತರು. ಅವರ ಮುಖ ನಾನು ಸರಿಯಾಗಿ ನೋಡಲೇ ಇಲ್ಲ.

ಎರಡು ದಿನ ಬಿಟ್ಟು ಹೋದಾಗ ಡಾಕ್ಟರಮ್ಮ ರಿಪೋರ್ಟ್ ನೋಡಿ, “ಟಿ.ಬಿ. ಇದೆ. ಆರು ತಿಂಗಳು ಮಾತ್ರೆ ತಗೋಬೇಕು, ಒಂದು ದಿನಾನೂ ತಪ್ಪಿಸಬಾರದು. ವಾಸಿಯಾಗುತ್ತೆ” ಅಂದರು. ಆ ಕೊನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ.

“ಸೋಮವಾರದಿಂದ ಕಾಲೇಜ್ ಶುರು ಮೇಡಂ” ಅಂದೆ.

“ಕಾಲೇಜು ಎಲ್ಲೂ ಓಡಿಹೋಗಲ್ಲ, ಇಲ್ಲೇ ಇರುತ್ತೆ. ನೀನು ಇರಬೇಕಲ್ಲ ಮೊದಲು” ಅಂದರು. ಗದರಿಸಿದ ಹಾಗೆ ಹೇಳಿದರೂ ನನ್ನ ಭುಜದ ಮೇಲೆ ಕೈ ಇಟ್ಟೇ ಹೇಳಿದರು. ಕಾಲೇಜಿನವರು ಸೀಟು ಉಳಿಸಿಕೊಟ್ಟರು. ಎರಡನೇ ಸೆಮಿಸ್ಟರಿಗೆ ಬರಲಿ, ಮೊದಲನೇದರ ಪರೀಕ್ಷೆ ಆಮೇಲೆ ಬರೆಯಲಿ ಅಂತ ಒಪ್ಪಿಕೊಂಡರು.

ವಾಪಸು ಬರುವಾಗ ಅಪ್ಪ, ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಸೀಬೇಹಣ್ಣು ಕೊಂಡು ನನ್ನ ಕೈಗಿಟ್ಟು, “ಅಜ್ಜಿಗೆ ಯೋಳ್ಬ್ಯಾಡ ಕಣಮ್ಮಿ” ಅಂದರು. ಅಷ್ಟೇ.

ಅಜ್ಜಿಗೆ ಯಾಕೆ ಹೇಳಬಾರದು ಅನ್ನುವುದು ನನಗೆ ಗೊತ್ತಿತ್ತು. ಅಜ್ಜಿಯ ತಂಗಿ ಚಿಕ್ಕವಳಿದ್ದಾಗಲೇ ಕ್ಷಯ ಬಂದು ಹೋದಳಂತೆ. ಅವಳನ್ನು ಹೊಲದ ಗುಡಿಸಲಿನಲ್ಲಿ ಬೇರೆ ಇಟ್ಟು, ಊಟವನ್ನು ಬಾಗಿಲ ಹೊರಗಿಟ್ಟು ಬರುತ್ತಿದ್ದರಂತೆ. ಊಟ ಇಟ್ಟು ಬರುತ್ತಿದ್ದವಳು ನಮ್ಮಜ್ಜಿಯೇ. “ಅಕ್ಕಾ, ಒಳಕ್ ಬಾ ಅಂತ ಕರೀತಿದ್ಲು ಕಣೆ, ನಾ ಓಗ್ತಿರ್ಲಿಲ್ಲ” ಅಂತ ಎಷ್ಟೋ ಸಲ ಹೇಳಿ ಕಣ್ಣು ಒರೆಸಿಕೊಂಡದ್ದುಂಟು. ಅವಳಿಗೆ ಈ ಸುದ್ದಿ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅವ್ವನಿಗೆ ಇನ್ನೊಂದು ಭಯ. “ಇನ್ನೆಲ್ಡ್ ವರ್ಸುಕ್ಕೆ ಗಂಡು ನೋಡ್ಬೇಕು. ಕೆಮ್ಮಿನ್ ಕಾಯ್ಲೆ ಮನೆ ಅಂತ ಒಂದ್ಸಲ ಅನ್ನಿಸ್ಕಂಡ್ರೆ ಮುಗ್ದೋಯ್ತು” ಅಂದಳು. ಕಾಮಾಲೆ ಅನ್ನೋಣ ಅಂತ ತೀರ್ಮಾನ ಮಾಡಿದವಳೂ ಅವಳೇ. ಕಾಮಾಲೆ ಮರ್ಯಾದಸ್ಥ ಕಾಯಿಲೆ. ಯಾರ ಮನೆಗೆ ಬೇಕಾದರೂ ಬರಬಹುದು, ಬಂದರೆ ಯಾರೂ ಬಾಗಿಲಲ್ಲೇ ನಿಲ್ಲುವುದಿಲ್ಲ.

ಮಾತ್ರೆ ಶುರುವಾದ ಮೂರನೇ ದಿನವೋ ನಾಲ್ಕನೇ ದಿನವೋ, ನಮ್ಮ ಸುಳ್ಳಿಗೆ ಆ ಮಾತ್ರೆಗಳೇ ಸಾಕ್ಷಿ ಹೇಳಿದವು. ಅವುಗಳಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅಜ್ಜಿ ಬಚ್ಚಲಲ್ಲಿ ಅದನ್ನು ನೋಡಿ, “ಸಿವನೇ, ಮೈನೆಲ್ಲ ಇಡ್ಕಬುಟ್ಟದಲ್ಲ ಈ ಕಾಮಾಲೆ!” ಅಂತ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವತ್ತಿನಿಂದ ಶುರುವಾಯಿತು ಪಥ್ಯ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಖಾರ ಇಲ್ಲ, ಉಪ್ಪು ಇದ್ದೂ ಇಲ್ಲ. ಮೂರು ಹೊತ್ತೂ ಮಜ್ಜಿಗೆ ಅನ್ನ. ಡಾಕ್ಟರಮ್ಮ ಹೇಳಿದ್ದು ಚೆನ್ನಾಗಿ ತಿನ್ನು, ಮೈಗೆ ಹತ್ತುವಂಥದ್ದು ತಿನ್ನು ಅಂತ. ಅವ್ವ ಸೆರಗಿನಲ್ಲಿ ಕಡಲೆಕಾಯಿ ಉಂಡೆ ಕಟ್ಟಿಕೊಂಡು ಬಂದು ನಾನು ಸ್ನಾನಕ್ಕೆ ಹೋದಾಗ ಬಚ್ಚಲಲ್ಲಿ ಕೊಡುತ್ತಿದ್ದಳು. ಸೋಪು ಇಡುವ ಕಟ್ಟೆಯ ಮೇಲೆ ಕೂತು ಉಂಡೆ ತಿಂದವಳು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನೋಡಲು ಬಂದವರೆಲ್ಲ ಕಬ್ಬಿನ ಹಾಲು ತಂದರು, ಮೂಲಂಗಿ ತಂದರು, ಸಲಹೆ ತಂದರು. “ಕಣ್ ಅಳದಿ ಆಗೇ ಇಲ್ವಲ್ಲವ್ವ” ಅಂತ ಒಬ್ಬಾಕೆ ನನ್ನ ರೆಪ್ಪೆ ಎತ್ತಿ ನೋಡಿದಳು. “ಈಗ್ ಇಳ್ದದೆ” ಅಂತ ಅವ್ವ ಕಣ್ಣು ಮಿಟುಕಿಸದೆ ಹೇಳಿದಳು. ಸುಳ್ಳು ಹೇಳುವುದರಲ್ಲಿ ಅವ್ವನಿಗೆ ಇಷ್ಟು ಕೈ ಕುದುರಿದೆ ಅಂತ ನನಗೆ ಗೊತ್ತಿರಲಿಲ್ಲ.

ತಿಂಗಳಿಗೊಮ್ಮೆ ಮಾತ್ರೆ ತರಲು ಗುಂಡ್ಲುಪೇಟೆಗೆ ಹೋಗುತ್ತಿದ್ದೆ. ಆಸ್ಪತ್ರೆಯಲ್ಲಿ ಕೊಟ್ಟಿದ್ದು ಅತ್ತೆಯ ಮನೆ ವಿಳಾಸ. ನಮ್ಮೂರಿನ ವಿಳಾಸ ಕೊಟ್ಟಿದ್ದರೆ ನಮ್ಮೂರಿನ ಆಶಾ ಕಾರ್ಯಕರ್ತೆಯೇ ಮನೆ ಬಾಗಿಲಿಗೆ ಬರುತ್ತಿದ್ದಳು, ಊರಿಗೇ ಗೊತ್ತಾಗುತ್ತಿತ್ತು. ಅಪ್ಪ, ಮಾವ ಇಬ್ಬರೂ ಯೋಚಿಸಿ ಮಾಡಿದ ಉಪಾಯ ಅದು. ನನಗೂ ಅದು ಬಹಳ ಜಾಣತನ ಅನ್ನಿಸಿತ್ತು.

ಮಾವನ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಡಾಕ್ಟರಮ್ಮ ಮೊಟ್ಟೆ ತಿನ್ನು ಅಂದದ್ದನ್ನು ಕೇಳಿ ಅತ್ತೆ, “ಲಿಂಗ ಕಟ್ಟಿರೋ ಮನೇಲಿ?” ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ಆಮೇಲೆ ಮಾವ ಗೋಡೌನು ತೋರಿಸುತ್ತೀನಿ ಬಾ ಅಂತ ಕರೆದುಕೊಂಡು ಹೋಗಿ, ಮೂಟೆಗಳ ಹಿಂದೆ ಕೂರಿಸಿ, ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ಹೈವೇ ಅಂಗಡಿಯ ಬೇಯಿಸಿದ ಮೊಟ್ಟೆ ಎರಡು. ತಾವೇ ಸಿಪ್ಪೆ ಸುಲಿದು ಕೊಟ್ಟು, ಸಿಪ್ಪೆಯನ್ನು ಈರುಳ್ಳಿ ಸಿಪ್ಪೆಯ ರಾಶಿಯೊಳಗೆ ತಳ್ಳಿ ಮುಚ್ಚಿದರು. ಅವರು ಸುಲಿದ ಕೈಚಳಕ ನೋಡಿ ನನಗೆ ಅನುಮಾನ ಬಂತು.

“ನೀವೂ ತಿಂತೀರಾ ಮಾವ?”

“ಇಪ್ಪತ್ ವರ್ಸಾಯ್ತು” ಅಂದರು ಮಾವ. “ನಿಮ್ಮತ್ತೆಗೆ ಯೋಳ್ದ್ರೆ ಮನೆಯಿಂದ್ ಆಚ್ಗೆ ಆಕ್ತಳೆ, ಆಮೇಲ್ ನಿನ್ ಕಾಲೇಜ್ಗೆ ನಾನೇ ಬಂದು ಕೂತ್ಕತೀನಿ.”

ಆ ಕಾಯಿಲೆಯ ದಿನಗಳಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೊಂದೇ ದಿನ. ಪ್ರತಿ ತಿಂಗಳೂ ಆ ಮೂಟೆಗಳ ಹಿಂದೆ ಎರಡು ಮೊಟ್ಟೆ ನನಗಾಗಿ ಕಾಯುತ್ತಿದ್ದವು.

ಆದರೆ ಅದೇ ಗುಂಡ್ಲುಪೇಟೆಯಲ್ಲಿ ನಾನೊಂದು ಕೆಲಸ ಮಾಡಿದೆ. ಮೊದಲ ತಿಂಗಳಲ್ಲಿ ನಾನು ಅತ್ತೆಯ ಮನೆಯಲ್ಲಿದ್ದಾಗ ಆಸ್ಪತ್ರೆಯಿಂದ ಒಬ್ಬರು ಮೇಡಂ ಅಲ್ಲಿಗೆ ಬಂದರು. ರೋಗಿಯ ಜೊತೆ ಒಂದೇ ಸೂರಿನಡಿ ಇರುವವರನ್ನೆಲ್ಲ ಪರೀಕ್ಷೆ ಮಾಡಬೇಕು ಅಂದರು. ಜಗಲಿಯ ಮೇಲೆ ಕೂತು ಫಾರ್ಮು ನನ್ನ ಕೈಗೇ ಕೊಟ್ಟು, “ಮನೇಲಿ ಯಾರ್ಯಾರು ಇದ್ದೀರ, ನೀನೇ ಬರಿಯಮ್ಮ, ಕಾಲೇಜ್ ಹುಡುಗಿ” ಅಂದರು. ಅತ್ತೆ ನನ್ನನ್ನೇ ನೋಡುತ್ತಿದ್ದರು. ನಾನು ಅತ್ತೆ, ಮಾವ, ಅವರ ಇಬ್ಬರು ಮಕ್ಕಳ ಹೆಸರು ಬರೆದೆ. ದುಂಡಗೆ, ಒಂದೂ ಚಿತ್ತಿಲ್ಲದೆ ಬರೆದೆ. ನಾಲ್ಕು ಜನಕ್ಕೂ ಪರೀಕ್ಷೆಯಾಯಿತು, ಯಾರಿಗೂ ಏನೂ ಇರಲಿಲ್ಲ. ಎಲ್ಲರೂ ದೇವರು ದೊಡ್ಡವನು ಅಂದರು. ನನ್ನ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುತ್ತಿದ್ದವಳು, ನನ್ನ ಕೆಮ್ಮಿನ ಪಕ್ಕದಲ್ಲೇ ಮೂರು ತಿಂಗಳು ಮಲಗಿದ್ದವಳು ಮೂವತ್ತೈದು ಕಿಲೋಮೀಟರ್ ಆಚೆ ಹರದನಹಳ್ಳಿಯಲ್ಲಿ ಎಲೆಅಡಿಕೆ ಕುಟ್ಟುತ್ತ ಕೂತಿದ್ದಳು. ಅವಳ ಹೆಸರು ಆ ಹಾಳೆಯಲ್ಲಿರಲಿಲ್ಲ. ಅವಳಿಗೂ ಆಗಲೇ ಕೆಮ್ಮಿತ್ತು. ಎಲೆಅಡಿಕೆ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವವಳು, ಕೆಮ್ಮದೆ ಇರುತ್ತಾಳಾ ಅಂದುಕೊಂಡಿದ್ದೆವು.

ಸೆಪ್ಟೆಂಬರಿನಲ್ಲಿ ನಾನು ಸ್ವಲ್ಪ ಚೇತರಿಸಿಕೊಂಡರೂ ಮೂತ್ರದ ಬಣ್ಣ ಇಳಿಯಲಿಲ್ಲ. ಇಳಿಯುವುದು ಹೇಗೆ, ದಿನಾ ಮಾತ್ರೆ ನುಂಗುತ್ತಿದ್ದೆನಲ್ಲ. ಅಜ್ಜಿಗೆ ನಮ್ಮ ಇಂಗ್ಲಿಷ್ ಔಷಧಿಯ ಮೇಲೆ ನಂಬಿಕೆ ಹೋಯಿತು. ಮದ್ದೂರಿನಲ್ಲಿ ಒಬ್ಬ ಮುದುಕಿ ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಾಳೆ ಅಂತ ಯಾರೋ ಹೇಳಿದರು. ವಡೆಯ ಮದ್ದೂರಲ್ಲ, ಗುಂಡ್ಲುಪೇಟೆ ದಾಟಿ ಕೇರಳದ ಕಡೆ ಹೋಗುವಾಗ ಕಾಡಂಚಿನಲ್ಲಿ ಸಿಗುವ ಮದ್ದೂರು. ಮೂರು ಭಾನುವಾರ ತರಬೇಕು. ತರುವವರು ಮನೆಯವರೇ ಆಗಿರಬೇಕು, ಉಪವಾಸ ಇರಬೇಕು, ದಾರಿಯಲ್ಲಿ ಪೊಟ್ಟಣವನ್ನು ಎಲ್ಲೂ ಕೆಳಗಿಡಬಾರದು. ಇಟ್ಟರೆ ಗುಣ ಇಳಿದುಹೋಗುತ್ತದೆ.

“ನೀನ್ ಬ್ಯಾಡ ಕಣವ್ವ, ನಾ ಓಗ್ಬತ್ತೀನಿ” ಅಂದರು ಅಪ್ಪ. ಅವರ ಮನಸ್ಸಿನಲ್ಲಿದ್ದದ್ದು, ಹೋಗದೆಯೇ ಯಾವುದೋ ಸೊಪ್ಪು ಕಿತ್ತು ತಂದು ಕೊಡುವುದು.

ಅಜ್ಜಿ ಒಪ್ಪಲಿಲ್ಲ. “ನೀ ದಾರೀಲಿ ಟೀ ಕುಡ್ದ್ಬುಡ್ತೀಯ. ನನ್ ಕೂಸು ಕಾಲೇಜ್ಗೆ ಓಗ್ಬೇಕು. ನಾನೇ ಓಯ್ತೀನಿ.”

ಹೋದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಚಾಮರಾಜನಗರ, ಅಲ್ಲಿಂದ ಗುಂಡ್ಲುಪೇಟೆ, ಅಲ್ಲಿಂದ ಕೇರಳದ ಬಸ್ಸು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿಗೆ ಸುಶೀಲತ್ತೆ ಬಂದು, ತಮ್ಮ ತಾಯಿಯನ್ನು ತಾವೇ ಮದ್ದೂರಿನ ಬಸ್ಸು ಹತ್ತಿಸಿದರು. ಎಲ್ಲ ಗೊತ್ತಿದ್ದೂ ಹತ್ತಿಸಿದರು. ಸಾಯಂಕಾಲ ಅಜ್ಜಿ ಬಂದಾಗ ಕೆಮ್ಮಿ ಕೆಮ್ಮಿ ಮುಖ ಕಪ್ಪಾಗಿರುತ್ತಿತ್ತು. ಆದರೂ ಬಲಗೈ ಮುಷ್ಟಿ ಎದೆಯ ಹತ್ತಿರವೇ. ಮುತ್ತುಗದ ಎಲೆಯ ಪೊಟ್ಟಣವನ್ನು ನನ್ನ ಕೈಗೆ ಹಾಕಿದ ಮೇಲೆಯೇ ಅವಳು ಬೆರಳು ಬಿಡಿಸುತ್ತಿದ್ದದ್ದು. ಬೆರಳುಗಳು ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಎರಡನೇ ಭಾನುವಾರ ನಾನು, “ಸಾಕು ಅಜ್ಜಿ, ಇನ್ ಬ್ಯಾಡ” ಅಂದೆ. “ಎಲ್ಡಾಗದೆ, ಒಂದ್ ಉಳ್ಕಂಡದೆ. ಅರ್ಧುಕ್ ಬುಡದಾ?” ಅಂದಳು. ಆಗ ಬಾಯಿ ತೆರೆದಿದ್ದರೆ ಆಗುತ್ತಿತ್ತು. ತೆರೆಯಲಿಲ್ಲ. ಅವಳು ತಂದದ್ದನ್ನೆಲ್ಲ, ಹಾಲಿನಲ್ಲಿ ಕದಡಿಕೊಂಡು ಕುಡಿದ ಹಾಗೆ ಮಾಡಿ, ಹಿತ್ತಿಲಿನ ಕರಿಬೇವಿನ ಬುಡಕ್ಕೆ ಸುರಿದೆ. ಮೂರು ಸಲವೂ ಸುರಿದೆ.

ಡಿಸೆಂಬರಿನಲ್ಲಿ ಅಜ್ಜಿ ಅರಿಶಿನದ ಹೊಲದ ಬದುವಿನ ಮೇಲೆ ಕೂತವಳು ಏಳಲಾಗದೆ ಹೋದಳು. ಉಗಿದಾಗ ರಕ್ತ. ಈ ಸಲ ಯಾರು ನೋಡುತ್ತಾರೆ ಅನ್ನುವ ಯೋಚನೆಯೇ ಇಲ್ಲದೆ ಅಪ್ಪ ಚಾಮರಾಜನಗರದ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಅಜ್ಜಿಯನ್ನು ಹೊರಗೆ ಬೆಂಚಿನ ಮೇಲೆ ಅವ್ವನ ಜೊತೆ ಕೂರಿಸಿ, ಅಪ್ಪ, ನಾನು ಒಳಗೆ ಹೋದೆವು.

“ಟಿ.ಬಿ. ಇದೆ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?” ಅಂತ ಡಾಕ್ಟರು ಎಕ್ಸ್‌ರೇ ನೋಡುತ್ತ ಕೇಳಿದರು.

ಅಪ್ಪ ನೆಲ ನೋಡಿದರು. ನಾನು “ನನಗೆ” ಅಂದೆ. ಅಷ್ಟು ದಿನದಲ್ಲಿ ಬೇರೆಯವರೆದುರು ಮೊದಲ ಸಲ ಹೇಳಿದ್ದು. ಡಾಕ್ಟರು ಗುಂಡ್ಲುಪೇಟೆಯಲ್ಲಿ ಕೊಟ್ಟಿದ್ದ ನನ್ನ ಚಿಕಿತ್ಸೆಯ ಪುಸ್ತಕ ಇಸಿದುಕೊಂಡು, ಕಂಪ್ಯೂಟರಿನಲ್ಲಿ ನೋಡಿ, “ಇಲ್ಲಿ ಅಜ್ಜಿ ಹೆಸರೇ ಇಲ್ವಲ್ಲಮ್ಮ” ಅಂದರು.

“ಇಲ್ಲ ಸರ್.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನಿಂದ ಅಜ್ಜಿಗೆ ಬಂತೋ, ಅಜ್ಜಿಯಿಂದ ನನಗೆ ಬಂತೋ ಅಂತ ಕೇಳಿದೆ. “ಅದನ್ನ ಯಾರೂ ಹೇಳಕ್ಕಾಗಲ್ಲ. ಆಗಸ್ಟಲ್ಲೇ ನೋಡಿದ್ದಿದ್ರೆ ಸುಲಭ ಆಗ್ತಿತ್ತು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ ಇದೆ. ನೋಡೋಣ” ಅಂದರು.

ಅಜ್ಜಿಗೆ ಅವಳ ಕಾಯಿಲೆಯ ಹೆಸರು ಹೇಳಿದೆವು. ಹೇಳಲೇಬೇಕಿತ್ತು, ಮಾತ್ರೆ ನುಂಗಬೇಕಲ್ಲ. ನನ್ನದು ಹೇಳಲಿಲ್ಲ. “ಕೂಸ್ಗೆ ನಾನೇ ತಂದಿಟ್ನಾ ಅಂತ ಎದೆ ಒಡ್ಕಂಡ್ಬುಡ್ತಳೆ” ಅಂದರು ಅಪ್ಪ. ಅಜ್ಜಿ ಅಳಲಿಲ್ಲ. ಮನೆಗೆ ಬಂದವಳೇ ತನ್ನ ಚಾಪೆ, ಕಂಬಳಿ, ತಟ್ಟೆ, ಲೋಟ ಎತ್ತಿಕೊಂಡು ಅರಿಶಿನದ ಮೂಟೆ ಹಾಕುವ ಹೊರಗಿನ ಕೋಣೆಗೆ ಹೋದಳು. “ಈ ಕಾಯ್ಲೆ ನಂಗೊತ್ತದೆ. ಯಾರೂ ಒಳಕ್ ಬರ್ಬ್ಯಾಡಿ. ಕೂಸಂತೂ ಈ ಕಡೆ ತಲೆ ಆಕ್ಕೂಡ್ದು, ಈಗಿನ್ನ ಕಾಮಾಲೆ ಬುಟ್ಟೋಗದೆ, ಮೈಲಿ ಸಕ್ತಿ ಇಲ್ಲ ಅದ್ಕೆ” ಅಂದಳು. ಒಂದು ತಿಂಗಳು ಮಾತ್ರೆ ಆದ ಮೇಲೆ ಡಾಕ್ಟರು ಇಷ್ಟೊಂದು ದೂರ ಇರಬೇಕಿಲ್ಲ ಅಂದರೂ ಅಜ್ಜಿ ಕೇಳಲಿಲ್ಲ. ಊಟವನ್ನು ಹೊಸ್ತಿಲ ಹೊರಗೆ ಇಡಬೇಕು. ನಾವು ದೂರ ಹೋದ ಮೇಲೆ ಎಳೆದುಕೊಳ್ಳುತ್ತಿದ್ದಳು.

ನಾನು ಹೊಸ್ತಿಲ ಹೊರಗೆ ಅನ್ನ ಇಟ್ಟು ಬರುತ್ತಿದ್ದೆ. ಅದೇ ಕಾಯಿಲೆಯ ಮಾತ್ರೆ ಐದು ತಿಂಗಳು ನುಂಗಿದವಳು, ಒಳಗೆ ಹೋಗದೆ ಬರುತ್ತಿದ್ದೆ.

ಜನವರಿಯಲ್ಲಿ ನನ್ನ ಕಫದಲ್ಲಿ ಏನೂ ಇಲ್ಲ ಅಂತ ರಿಪೋರ್ಟ್ ಬಂತು. ಟೈಲರಕ್ಕ ಚೂಡಿದಾರಿನ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನ ಅಳತೆಗೆ ತಂದುಕೊಟ್ಟಳು. ಕಾಲೇಜಿಗೆ ಹೊರಟ ಬೆಳಿಗ್ಗೆ ಅಜ್ಜಿ ಕೋಣೆಯ ಬಾಗಿಲಿಗೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಕಾಲು ಮುಟ್ಟಲು ಹೋದರೆ, “ಅಲ್ಲೇ, ಅಲ್ಲಿಂದ್ಲೇ” ಅಂತ ಕೈ ಅಡ್ಡ ಹಿಡಿದಳು. ನೆಲ ಮುಟ್ಟಿ ನಮಸ್ಕಾರ ಮಾಡಿ ಬಸ್ಸಿಗೆ ಹೋದೆ. ಅವತ್ತೇ ಪವಿತ್ರ ಕೇಳಿದ್ದು, ನಾನು ಜಾಂಡೀಸು ಅಂದದ್ದು.

ಸಾಯಂಕಾಲ ಬಂದಾಗ ಅಜ್ಜಿ ಕೋಣೆಯೊಳಗಿಂದಲೇ ಕೇಳಿದಳು, “ಎಂಗಿತ್ತು ಕೂಸೆ ಕಾಲೇಜು? ಬೆಂಚು ಸಿಕ್ತಾ?”

“ಸಿಕ್ತು ಅಜ್ಜಿ.”

“ದೂರ ನಿಂತ್ಕ. ಇನ್ಮೇಲ್ ನೀ ಕಾಲೇಜ್ ಓಗೋಳು. ನನ್ ಕಾಯ್ಲೆ ನಿಂಗ್ ಬಂದ್ಬುಟ್ರೆ ನಾ ಸತ್ರೂ ನೆಮ್ದಿ ಇರಕಿಲ್ಲ.”

ಹೊಸ್ತಿಲಲ್ಲಿ ನಿಂತಿದ್ದೆ. ಕೈಯಲ್ಲಿ ಊಟದ ಡಬ್ಬಿ ಇತ್ತು. ಬೆಳಿಗ್ಗೆ ಯಾರೋ ಗುರುತಿಲ್ಲದವಳಿಗೆ ಹೇಳಿದ ಸುಳ್ಳು ಇನ್ನೂ ಬಾಯಲ್ಲೇ ಇದ್ದ ಹಾಗಿತ್ತು. ಒಳಗೆ ಹೋಗಿ ಚಾಪೆಯ ಮೇಲೆ ಕೂತುಬಿಟ್ಟೆ. ಅವಳು ಗಾಬರಿಯಿಂದ ಗೋಡೆಗೆ ಸರಿದಳು.

“ನಂಗೂ ಅದೇ ಆಗಿದ್ದು ಅಜ್ಜಿ. ಕಾಮಾಲೆ ಅಲ್ಲ. ಟಿ.ಬಿ. ಮೊದ್ಲಿಂದ್ಲೂ ಅದೇ. ನಿಂಗೊಬ್ಳಿಗೇ ಯೋಳ್ನಿಲ್ಲ.”

ಅಜ್ಜಿಯ ಬಾಯ ಮೇಲಿನ ಸೆರಗು ತಾನಾಗಿ ಜಾರಿತು. ಆಮೇಲೆ ಕೇಳಿದಳು, “ಅಂಗಾರೆ, ನಾ ಮದ್ದೂರ್ಗೆ ಓಗ್ಬಂದಿದ್ದು ಸುಮ್ನೇನಾ?”

ತಲೆ ಆಡಿಸಿದೆ.

“ಆ ಸೊಪ್ಪ ಏನ್ ಮಾಡ್ದೆ?”

“ಕರಿಬೇವಿನ್ ಬುಡುಕ್ ಸುರ್ದೆ.”

“ಅದ್ಕೇ ಆ ಗಿಡ ಅಂಗ್ ಕೊಬ್ಬದೆ” ಅಂದಳು. ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಅವಳು ಅಳುತ್ತಿದ್ದಳು. “ಮೊದ್ಲೇ ಯೋಳಿದ್ರೆ ಇಷ್ಟ್ ದಿವ್ಸ ಇಲ್ಲಿ ಒಬ್ಳೇ ಬಿದ್ಕತಿದ್ನಾ ಕೂಸೆ? ನಿನ್ ಮಗ್ಗುಲ್ಲೇ ಮಲಿಕ್ಕತಿರ್ನಿಲ್ವಾ?”

ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವತ್ತೇ ನನ್ನ ಚಾಪೆಯನ್ನು ಹೊರಗಿನ ಕೋಣೆಗೆ ತಂದೆ. ಕಿಟಕಿ ತೆರೆದಿಟ್ಟೆವು. ಅವ್ವ ಬೇಡ ಅನ್ನಲಿಲ್ಲ. ಕಾಲೇಜಿನಲ್ಲಿ ಏನೇನಾಯಿತು ಅಂತ ಅಜ್ಜಿ ದಿನಾ ಕೇಳುತ್ತಿದ್ದಳು. ಡೆಬಿಟ್ಟು ಕ್ರೆಡಿಟ್ಟು ಅಂತ ನಾನು ಓದಿ ಹೇಳಿದರೆ ಎಲ್ಲಾ ಗೊತ್ತಿರುವವಳ ಹಾಗೆ ಹ್ಞೂಂಗುಟ್ಟುತ್ತಿದ್ದಳು. ತನ್ನ ತಂಗಿಯ ಸುದ್ದಿಯನ್ನು ಮಾತ್ರ ಮತ್ತೆ ಒಂದು ದಿನವೂ ಎತ್ತಲಿಲ್ಲ.

ಹದಿನೇಳು ದಿನ ಸಿಕ್ಕವು. ಹದಿನೆಂಟನೇ ದಿನ ನಾನು ಅಕೌಂಟ್ಸ್ ಕ್ಲಾಸಿನಲ್ಲಿದ್ದಾಗ ಮಾವ ಬಂದು ಬಾಗಿಲಲ್ಲಿ ನಿಂತರು. ಅವರ ಮುಖ ನೋಡಿಯೇ ಬ್ಯಾಗು ಎತ್ತಿಕೊಂಡೆ. ಅಜ್ಜಿಯನ್ನು ನಮ್ಮ ಹೊಲದಲ್ಲೇ ತಾತನ ಪಕ್ಕದಲ್ಲಿ ಕೂರಿಸಿ ಮಣ್ಣು ಮಾಡಿದೆವು. ವಿಭೂತಿ ಇಟ್ಟ ಕೈಗೆ ಒಂದು ಸಲ ಅವಳ ಬಲಗೈ ಬೆರಳುಗಳು ತಾಗಿದವು, ಬಿಗಿಯಾಗಿ ಮಡಚಿಕೊಂಡಿದ್ದವು. ಸುಶೀಲತ್ತೆ ತಲೆ ಚಚ್ಚಿಕೊಂಡು ಅಳುತ್ತಿದ್ದದ್ದು ಒಂದೇ ಮಾತು, “ನಾನೇ ಬಸ್ ಅತ್ತಿಸ್ದೆ ಕಣವ್ವ, ನಾನೇ ಅತ್ತಿಸ್ದೆ.” ಬಂದವರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾದದ್ದು ಅಪ್ಪ, ಅವ್ವ, ಮಾವ, ನಾನು, ಈ ನಾಲ್ಕೇ ಜನಕ್ಕೆ.

ಯಾರಾದರೂ ಈಗ ಇದೇ ಮಾತ್ರೆ ನುಂಗುತ್ತ, ಬೇರೆ ಯಾವುದೋ ಕಾಯಿಲೆಯ ಹೆಸರು ಹೇಳಿಕೊಂಡು ಕೂತಿದ್ದರೆ, ನಿಮ್ಮ ಭಯ ನನಗೆ ಗೊತ್ತು. ನಾನು ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ. ಕಾಯಿಲೆ ವಾಸಿಯಾಗುತ್ತದೆ, ನನಗೆ ವಾಸಿಯಾಯಿತು. ಪಕ್ಕದಲ್ಲಿ ಮಲಗುವವರ ಹೆಸರು ಮಾತ್ರ ಬಿಡಬೇಡಿ.

ಹನ್ನೊಂದು ದಿನ ಕಳೆದು ಕಾಲೇಜಿಗೆ ಹೋದೆ. ಪವಿತ್ರ ನನ್ನ ಜಾಗದಲ್ಲಿ ತನ್ನ ಬ್ಯಾಗು ಇಟ್ಟು ಕಾದಿರಿಸಿದ್ದಳು. ಕೂತ ತಕ್ಷಣ ಕಿವಿಯ ಹತ್ತಿರ ಬಂದು, “ಮತ್ತೆ ಜಾಂಡೀಸ್ ತಿರುಗ್ತಾ? ಅದು ವಾಪಸ್ ಬತ್ತದಂತೆ. ನಮ್ಮೂರ್ ಆಚೆ ಒಬ್ರು ಸೊಪ್ಪು ಕೊಡ್ತಾರೆ. ಭಾನುವಾರ ನಾನೇ ಓಗಿ ತರ್ತೀನಿ, ನಮ್ಮವ್ವುಂಗೂ ಯೋಳಿದ್ದೀನಿ” ಅಂದಳು.

“ಓಗ್ಬ್ಯಾಡ” ಅಂದೆ. ಎಷ್ಟು ಜೋರಾಗಿ ಅಂದೆನೋ, ಮುಂದಿನ ಬೆಂಚಿನವರು ತಿರುಗಿದರು. “ಓಗ್ಬ್ಯಾಡ ಪವಿತ್ರ. ನಂಗಾಗಿದ್ದು ಜಾಂಡೀಸಲ್ಲ. ಟಿ.ಬಿ.”

ಅವಳು ಬ್ಯಾಗು ಎತ್ತಿಕೊಂಡು ಸರಿಯುತ್ತಾಳೆ ಅಂದುಕೊಂಡೆ. ಸರಿಯಲಿಲ್ಲ.

“ಈಗ ವಾಸಿ ಆಯ್ತಾ?”

“ಆಯ್ತು.”

“ಮನೇಲಿ ಇನ್ನ್ಯಾರ್ಗೂ ಬರ್ನಿಲ್ಲ ತಾನೆ?”

ಅಷ್ಟರಲ್ಲಿ ಮೇಡಂ ಬಂದು ಹಾಜರಿ ಕರೆಯಲು ಶುರುಮಾಡಿದರು. ನನ್ನ ಹೆಸರು ಬರಲು ಇನ್ನೂ ಬಹಳ ಹೊತ್ತಿತ್ತು. “ಬಂತು” ಅಂದೆ. “ನಮ್ಮಜ್ಜಿಗೆ.”